ಕಾಯಿಹಾಲಿನ ಕಥೆ: ಒರಳಿನಿಂದ ಕುಕ್ಕರಿನವರೆಗೆ

(ಬಾನುಲಿ ಭಾಷಣ)

ಪಶ್ಚಿಮ ಕರಾವಳಿಯ ನಮ್ಮ ಮಾತಿನಲ್ಲಿ ‘ಕಾಯಿ’ ಎಂದರೆ ತೆಂಗಿನಕಾಯಿ. ಉಳಿದ ಕಾಯಿಗಳಿಗೆಲ್ಲ ಒಂದೊಂದು ವಿಶೇಷಣ ಬೇಕು. ಬದನೆಕಾಯಿ, ಹೀರೇಕಾಯಿ, ಮಾವಿನಕಾಯಿ ಎಂದೇ ಹೇಳಬೇಕು. ತೆಂಗಿಗೆ ಮಾತ್ರ ಆ ಹಂಗಿಲ್ಲ. ‘ಕಾಯಿ ಒಡೆ’, ‘ಕಾಯಿ ತುರಿ’, ‘ಕಾಯಿ ಹಾಕಿದ ಪಲ್ಯ’ ಎಂದರೆ ಯಾವ ಕಾಯಿ ಎಂದು ಯಾರೂ ಕೇಳುವುದಿಲ್ಲ. ಆ ಕಾಯಿಯನ್ನು ತುರಿದು, ಅರೆದು, ಹಿಂಡಿ ತೆಗೆದ ಬಿಳಿಯ ರಸವೇ ಕಾಯಿಹಾಲು. ಅದರ ಇತಿಹಾಸವನ್ನು ಕುರಿತು ಕೆಲವು ಮಾತುಗಳನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ರಾಜರ ಕಾಳಗಗಳನ್ನೂ ಶಾಸನಗಳ ಪಾಠವನ್ನೂ ಕೇಳಿ ರೂಢಿಯಾದವರಿಗೆ ಇದೇನು ಅಡುಗೆಮನೆಯ ವಿಷಯ ಎನ್ನಿಸೀತು. ಆದರೆ ಅಡುಗೆಮನೆಗೂ ಒಂದು ಚರಿತ್ರೆಯುಂಟು. ಅದನ್ನು ಬರೆದವರು ಕಡಿಮೆ, ಅಷ್ಟೆ.

ನನ್ನ ಊರು ಮಾವಳ್ಳಿ. ಹೊನ್ನಾವರದಿಂದ ಭಟ್ಕಳದತ್ತ ಹೋಗುವ ಹೆದ್ದಾರಿಯಿಂದ ಪಡುವಣಕ್ಕೆ ತಿರುಗಿದರೆ ಮುರ್ಡೇಶ್ವರ ಸಿಗುತ್ತದೆಯಲ್ಲ, ಅದೇ ನೆಲ. ಇಂದು ಅಲ್ಲಿಗೆ ಬರುವ ಯಾತ್ರಿಕರು ಕಂದುಕಗಿರಿಯ ಮೇಲಿನ ಬೃಹತ್ ಶಿವಮೂರ್ತಿಯನ್ನೂ ಎತ್ತರದ ಗೋಪುರವನ್ನೂ ಕಂಡು ಹೋಗುತ್ತಾರೆ. ನಾನು ಬಾಲ್ಯವನ್ನು ಕಳೆದ ಅರವತ್ತರ ದಶಕದಲ್ಲಿ ಅವೆರಡೂ ಇರಲಿಲ್ಲ. ಇದ್ದದ್ದು ಕಡಲು, ಮರಳು, ಗುಡಿ ಮತ್ತು ತೆಂಗು. ಮುಂಜಾನೆ ಕಡಲಿನ ಮೊರೆತಕ್ಕಿಂತ ಮೊದಲು ನನ್ನ ಕಿವಿಗೆ ಬೀಳುತ್ತಿದ್ದುದು ಹಿಂಬದಿಯ ಜಗುಲಿಯಲ್ಲಿ ಒರಳಿನ ಗುಂಡು ತಿರುಗುವ ಸದ್ದು. ಆ ಗುಂಡನ್ನು ತಿರುಗಿಸುತ್ತಿದ್ದವಳು ನನ್ನ ಆಯಿ.

ಮೊದಲು ‘ಹಾಲು’ ಎಂಬ ಮಾತನ್ನೇ ಸ್ವಲ್ಪ ನೋಡೋಣ. ಕನ್ನಡದಲ್ಲಿ ಹಾಲು ಎಂಬುದು ಎಂದೂ ಹಸು ಎಮ್ಮೆಗಳ ಸೊತ್ತು ಮಾತ್ರವಾಗಿರಲಿಲ್ಲ. ಆಲದ ಎಲೆ ಕಿತ್ತರೆ ಒಸರುವುದು ಹಾಲು. ಕಳ್ಳಿಯ ಗಿಡದಲ್ಲಿ ಇರುವುದೂ ಹಾಲು. ಗದ್ದೆಯಲ್ಲಿ ಭತ್ತದ ತೆನೆ ಬಲಿಯುವ ಮುನ್ನ ಕಾಳಿನೊಳಗೆ ಬಿಳಿಯ ರಸ ತುಂಬಿದಾಗ ‘ಹಾಲುಗಟ್ಟಿದೆ’ ಎನ್ನುತ್ತೇವೆ. ಬೆಳ್ಳಗಿದ್ದು ಜೀವದ ಸಾರವನ್ನು ಹೊತ್ತು ಬರುವ ದ್ರವಕ್ಕೆಲ್ಲ ನಮ್ಮ ಹಿರಿಯರು ಈ ಹೆಸರನ್ನು ಧಾರಾಳವಾಗಿ ಕೊಟ್ಟರು. ಆದುದರಿಂದ ಕಾಯಿಹಾಲು ನಮಗೆ ಯಾವುದರ ಬದಲಿಗೂ ಬಂದದ್ದಲ್ಲ. ಅದು ತಾನೇ ಒಂದು ಹಾಲು.

ಯುರೋಪಿನಲ್ಲಿ ಸಂಗತಿ ಬೇರೆಯಾಗಿತ್ತು. ಮಧ್ಯಯುಗದ ಕ್ರೈಸ್ತ ಸಮಾಜದಲ್ಲಿ ಉಪವಾಸದ ದಿನಗಳಂದು ಮಾಂಸದೊಡನೆ ಹಾಲು ಬೆಣ್ಣೆಗಳೂ ನಿಷಿದ್ಧವಾಗಿದ್ದವು. ಅನುಕೂಲಸ್ಥರು ಬಾದಾಮಿಯನ್ನು ಅರೆದು ಹಾಲು ತೆಗೆದು ಆ ಕೊರತೆಯನ್ನು ತುಂಬಿಕೊಂಡರು. ಇಂಗ್ಲೆಂಡಿನ ಅರಸ ಎರಡನೆಯ ರಿಚರ್ಡನ ಬಾಣಸಿಗರು ೧೩೯೦ರ ಸುಮಾರಿನಲ್ಲಿ ಸಂಗ್ರಹಿಸಿದ ಪಾಕಗ್ರಂಥದಲ್ಲಿ ಬಾದಾಮಿ ಹಾಲಿನ ಬಳಕೆ ಹೇರಳವಾಗಿದೆ. ಅಲ್ಲಿ ಬೀಜದ ಹಾಲು ನಿಷೇಧದ ಕೂಸು. ಇಲ್ಲಿ ಅದು ಅಂಗಳದ ಮರದ ಕೂಸು. ಈ ಹೆಸರಿನ ವಿವಾದ ನಮ್ಮ ಕಾಲದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ೨೦೧೭ರಲ್ಲಿ ಯುರೋಪಿನ ಒಕ್ಕೂಟದ ನ್ಯಾಯಾಲಯವು ಸಸ್ಯಜನ್ಯ ಪಾನೀಯಗಳನ್ನು ‘ಹಾಲು’ ಎಂದು ಕರೆದು ಮಾರಬಾರದೆಂದು ತೀರ್ಪಿತ್ತಿತು. ಆದರೆ ಬಹುಕಾಲದಿಂದ ರೂಢಿಯಲ್ಲಿದ್ದ ಕೆಲವು ಹೆಸರುಗಳಿಗೆ ಮೊದಲಿನಿಂದಲೂ ವಿನಾಯಿತಿಯಿತ್ತು. ಅವುಗಳಲ್ಲಿ ತೆಂಗಿನ ಹಾಲೂ ಒಂದು. ಭಾಷೆಯ ರೂಢಿಗೆ ಕಾನೂನು ಕೂಡ ತಲೆಬಾಗಬೇಕಾಯಿತು.

ಈಗ ನಮ್ಮ ಕರಾವಳಿಯ ದಾಖಲೆಗಳಿಗೆ ಬರೋಣ. ಆರನೆಯ ಶತಮಾನದ ಗ್ರೀಕ್ ವರ್ತಕ ಕಾಸ್ಮಾಸನು ತನ್ನ ಗ್ರಂಥದಲ್ಲಿ ಭಾರತದ ದೊಡ್ಡ ಕಾಯಿಯೊಂದನ್ನು ‘ಆರ್ಗೆಲ್ಲಿಯಾ’ ಎಂದು ಕರೆದಿದ್ದಾನೆ. ನಮ್ಮ ‘ನಾರಿಕೇಳ’ವೇ ಪರದೇಶಿಯ ನಾಲಗೆಯಲ್ಲಿ ಹೀಗೆ ಹೊರಳಿದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಆದರೆ ಕಾಯಿಯಿಂದ ಹಾಲು ತೆಗೆಯುವ ಬಗೆಯನ್ನು ಕಣ್ಣಿಟ್ಟು ನೋಡಿ ಬರೆದವನು ಮೊರೊಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತ. ೧೩೪೨ರ ಸುಮಾರಿಗೆ ಅವನು ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿ ಹೆಣ್ಣುಮಕ್ಕಳಿಗಾಗಿ ಹದಿಮೂರು ಶಾಲೆಗಳನ್ನು ಕಂಡೆನೆಂದು ಬರೆದದ್ದು ಪ್ರಸಿದ್ಧವಾಗಿದೆ. ಅಲ್ಲಿನ ಸುಲ್ತಾನನ ಊಟದ ವೈಖರಿಯನ್ನೂ ಅವನು ವರ್ಣಿಸಿದ್ದಾನೆ: ಮೊದಲು ಅನ್ನ, ಅದರ ಮೇಲೆ ತುಪ್ಪ, ಬದಿಗೆ ಮೆಣಸು, ಶುಂಠಿ, ಲಿಂಬೆ, ಮಾವುಗಳ ಉಪ್ಪಿನಕಾಯಿ, ಕಡೆಗೆ ಮೊಸರು. ಆರುನೂರೆಂಬತ್ತು ವರ್ಷಗಳ ಅನಂತರವೂ ನಮ್ಮ ಎಲೆಯ ಮೇಲಿನ ಕ್ರಮ ಹೆಚ್ಚು ಬದಲಾಗಿಲ್ಲವೆಂಬುದು ಸೋಜಿಗ.

ಕಾಯಿಹಾಲಿನ ವಿವರ ಬರುವುದು ಅವನ ಗ್ರಂಥದ ಇನ್ನೊಂದೆಡೆ, ಅರಬ್ಬೀ ಕರಾವಳಿಯ ಢೋಫಾರ್ ಪಟ್ಟಣದ ಪ್ರಸಂಗದಲ್ಲಿ. ಕುಳಿತುಕೊಳ್ಳಲು ಒಂದು ಮಣೆ, ಕಾಯಿಯ ಒಳಗನ್ನು ಕೆರೆಯಲು ತುದಿಗೆ ಕಬ್ಬಿಣದ ಮೊನೆಗಳುಳ್ಳ ಒಂದು ಸಾಧನ, ಉದುರಿದ ತುರಿಯನ್ನು ಹಿಡಿಯಲು ಒಂದು ತಟ್ಟೆ. ಆ ತುರಿಯನ್ನು ನೀರಿನಲ್ಲಿ ಕಲಸಿದರೆ ಬಣ್ಣದಲ್ಲಿಯೂ ರುಚಿಯಲ್ಲಿಯೂ ಹಾಲೇ ಆಗುತ್ತದೆ, ಜನ ಅದನ್ನು ಊಟಕ್ಕೆ ನಂಜಿಕೊಳ್ಳುತ್ತಾರೆ ಎಂಬುದು ಅವನ ಹೇಳಿಕೆಯ ಸಾರಾಂಶ. ನಮ್ಮ ಅಜ್ಜಿಯಂದಿರ ತುರಿಮಣೆಗೆ ಈ ಮಣೆ ಹತ್ತಿರದ ನೆಂಟನೆಂಬುದರಲ್ಲಿ ಸಂದೇಹವಿಲ್ಲ. ಅರಬ್ಬೀ ಸಮುದ್ರದ ಎರಡು ದಡಗಳನ್ನೂ ಒಂದು ಅಡುಗೆಯ ಸಲಕರಣೆ ಹೀಗೆ ಬೆಸೆದಿತ್ತು.

ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸರ ಬಾರ್ಬೊಸ ಹೊನ್ನಾವರದ ವ್ಯಾಪಾರವನ್ನು ಬಣ್ಣಿಸುತ್ತ, ಮಲಬಾರಿನ ದೋಣಿಗಳು ಇಲ್ಲಿಯ ಅಕ್ಕಿಗಾಗಿ ಬರುತ್ತಿದ್ದವೆಂದೂ ಅದಕ್ಕೆ ಬದಲಾಗಿ ತೆಂಗಿನಕಾಯಿ, ಎಣ್ಣೆ ಮುಂತಾದುವನ್ನು ತರುತ್ತಿದ್ದವೆಂದೂ ತಿಳಿಸುತ್ತಾನೆ. ೧೫೬೩ರಲ್ಲಿ ಗೋವೆಯಲ್ಲಿ ತನ್ನ ಗ್ರಂಥವನ್ನು ಅಚ್ಚು ಹಾಕಿಸಿದ ವೈದ್ಯ ಗಾರ್ಸಿಯ ದ ಓರ್ತನು ತುರಿದ ಕಾಯಿಯಿಂದ ಹಾಲು ತೆಗೆದು ಅದರಲ್ಲಿ ಅನ್ನ ಬೇಯಿಸುವುದನ್ನೂ ‘ಕರಿಲ್’ ಎಂಬ ಮೇಲೋಗರ ಮಾಡುವುದನ್ನೂ ಹೇಳಿದ್ದಾನೆ. ಜಗತ್ತೆಲ್ಲ ಇಂದು ‘ಕರಿ’ ಎಂದು ಕರೆಯುವ ಪದಾರ್ಥದ ಹಳೆಯ ಉಲ್ಲೇಖಗಳಲ್ಲೊಂದು ಹೀಗೆ ಕಾಯಿಹಾಲಿನೊಡನೆಯೇ ಬರುತ್ತದೆ.

ಇವರೆಲ್ಲ ಹೊರಗಿನಿಂದ ಬಂದು ನೋಡಿದವರು. ನಮ್ಮವರು ಏನು ಬರೆದರು? ಅಡುಗೆಯನ್ನು ಶಾಸ್ತ್ರವೆಂದು ಗೌರವಿಸಿದ ಭಾಷೆ ಕನ್ನಡ. ೧೦೨೫ರಲ್ಲಿ ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ರಾಜಭೋಜನವನ್ನು ವಿಸ್ತರಿಸಿದ. ಹದಿನಾರನೆಯ ಶತಮಾನದ ಮೂರನೆಯ ಮಂಗರಸ ವಾರ್ಧಕ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನೇ ರಚಿಸಿದ. ನಮ್ಮ ಕರಾವಳಿಯನ್ನೂ ಆಳಿದ ಕೆಳದಿಯ ಬಸವಪ್ಪ ನಾಯಕನ ‘ಶಿವತತ್ತ್ವರತ್ನಾಕರ’ ಪಾಕವಿದ್ಯೆಯನ್ನು ಬಿಟ್ಟಿಲ್ಲ. ಷಟ್ಪದಿಯ ಲಯದಲ್ಲಿ ಪಾಕವನ್ನು ಹೇಳಿದ ಸಾಹಿತ್ಯವುಳ್ಳವರೆಂದು ನಾವು ಹೆಮ್ಮೆಪಡಬಹುದು.

ಎಂ.ಎ. ತರಗತಿಯಲ್ಲಿ ಮಂಗರಸನ ಪರಿಚಯವಾದ ಹೊಸತರಲ್ಲಿ ರಜೆಗೆ ಊರಿಗೆ ಬಂದಿದ್ದೆ. ಜಗುಲಿಯಲ್ಲಿ ಕುಳಿತು ಆ ಗ್ರಂಥದ ಹಿರಿಮೆಯನ್ನು ಆಯಿಗೆ ವಿವರಿಸತೊಡಗಿದೆ. ಅವಳು ಒರಳಿನ ಮುಂದೆ ಕುಳಿತು ಕಾಯಿ ಅರೆಯುತ್ತಿದ್ದಳು. ಸ್ವಲ್ಪ ಹೊತ್ತು ಕೇಳಿ, ಗುಂಡನ್ನು ನಿಲ್ಲಿಸಿ, “ತಮಾ, ಅಷ್ಟೆಲ್ಲ ಅಡುಗೆ ಬರೆದವರು ಒರಳು ತಿರುಗಿಸಿದವರ ಸುದ್ದಿ ಏನಾದರೂ ಬರೆದಿದ್ದಾರೇನೋ?” ಎಂದು ಕೇಳಿದಳು. ಅದರಲ್ಲಿ ಕುಹಕವಿರಲಿಲ್ಲ, ತಿಳಿಯುವ ಇಚ್ಛೆಯಷ್ಟೇ ಇತ್ತು. ನಾನು ಉತ್ತರ ಕೊಡಲಿಲ್ಲ. ಅವಳು ಮತ್ತೆ ಗುಂಡು ತಿರುಗಿಸಿದಳು. ಕನ್ನಡ ಸಾಹಿತ್ಯವನ್ನು ಕುರಿತು ನನ್ನನ್ನು ಕೇಳಿದ ಪ್ರಶ್ನೆಗಳಲ್ಲಿ ಇಷ್ಟು ಕಷ್ಟದ್ದು ಇನ್ನೊಂದಿಲ್ಲ.

ಆ ಕೆಲಸದ ಪರಿಯನ್ನು ಇಂದಿನವರಿಗಾಗಿ ಹೇಳಬೇಕು. ಹಬ್ಬದ ಹೆಸರುಬೇಳೆ ಪಾಯಸಕ್ಕೆ ಐದಾರು ಕಾಯಿಯಾದರೂ ಬೇಕು. ಸಿಪ್ಪೆ ಸುಲಿದು, ಒಡೆದು, ಒಂದೊಂದು ಕಡಿಯನ್ನೂ ತುರಿಮಣೆಯ ಹಲ್ಲಿಗೆ ಒತ್ತಿ ತಿರುಗಿಸುತ್ತ ತುರಿಯಬೇಕು; ಗೆರಟೆಯ ಕಪ್ಪು ಬೀಳದಂತೆ ಕೈ ತಡೆಯಬೇಕು. ತುರಿಯನ್ನು ಒರಳಿಗೆ ಹಾಕಿ, ಬೆಚ್ಚಗಿನ ನೀರು ಚಿಮುಕಿಸುತ್ತ ನುಣ್ಣಗೆ ಅರೆಯಬೇಕು. ಬಳಿಕ ತೆಳುವಾದ ಬಟ್ಟೆಯಲ್ಲಿ ಕಟ್ಟಿ ಹಿಂಡಬೇಕು. ಬೆಚ್ಚಗಿನ ನೀರೇ ಏಕೆಂದರೆ, ತೆಂಗಿನ ಕೊಬ್ಬು ಸುಮಾರು ೨೪ ಡಿಗ್ರಿ ಶಾಖಕ್ಕಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ತಣ್ಣೀರಿನಲ್ಲಿ ಹಿಂಡಿದರೆ ಅದರಲ್ಲಿ ಬಹುಪಾಲು ಚರಟದಲ್ಲಿಯೇ ಉಳಿದುಬಿಡುತ್ತದೆ. ಆಯಿಗೆ ಡಿಗ್ರಿಯ ಲೆಕ್ಕ ಗೊತ್ತಿರಲಿಲ್ಲ. ನೀರಿನ ಹದ ಬೆರಳಿಗೆ ಗೊತ್ತಿತ್ತು.

ಮೊದಲು ಹಿಂಡಿದ್ದು ದಪ್ಪಹಾಲು. ಚರಟವನ್ನು ಮತ್ತೆ ನೀರು ಹಾಕಿ ಅರೆದು ಹಿಂಡಿದರೆ ಎರಡನೆಯ ಹಾಲು. ಮತ್ತೊಮ್ಮೆ ಹಿಂಡಿದರೆ ಮೂರನೆಯದು, ಹೆಚ್ಚುಕಡಿಮೆ ನೀರು. ಪಾಯಸದಲ್ಲಿ ಇವುಗಳ ಪ್ರವೇಶ ತಲೆಕೆಳಗು. ಬೇಳೆ ಬೇಯುವುದು ಮೂರನೆಯ ಹಾಲಿನಲ್ಲಿ. ಬೆಲ್ಲ ಕರಗಿದ ಮೇಲೆ ಎರಡನೆಯದು. ದಪ್ಪಹಾಲು ಬೀಳುವುದು ಕಟ್ಟಕಡೆಗೆ, ಅದೂ ಒಲೆಯಿಂದ ಇಳಿಸುವ ಹೊತ್ತಿಗೆ. ಹಿಂಡಿ ಉಳಿದ ಚರಟ ಅಕ್ಕಚ್ಚಿನೊಡನೆ ಕೊಟ್ಟಿಗೆಗೆ ಹೋಗುತ್ತಿತ್ತು. ಕಾಯಿಯ ಹಾಲು ಹೀಗೆ ಸ್ವಲ್ಪ ಭಾಗ ಹಸುವಿನ ಹಾಲಾಗಿಯೂ ಮನೆಗೆ ಮರಳುತ್ತಿತ್ತು. ಒತ್ತುಶಾವಿಗೆಯ ದಿನಗಳಲ್ಲಿ ಬೆಲ್ಲ ಬೆರೆಸಿದ ದಪ್ಪಹಾಲು ನೈವೇದ್ಯಕ್ಕೆ, ನೆಂಟರಿಗೆ, ಗಂಡಸರಿಗೆ, ಮಕ್ಕಳಿಗೆ ಬಡಿಸಿ ಮುಗಿಯುತ್ತಿತ್ತು. ಅಡುಗೆ ಮಾಡಿದವರ ಪಾಲಿಗೆ ಎರಡನೆಯ ಹಾಲಿನಲ್ಲಿ ಉಳಿದದ್ದು. ಇದು ನಮ್ಮ ಮನೆಯೊಂದರ ಮಾತಲ್ಲ. ಬ್ರಾಹ್ಮಣರ ಮನೆಗಳಲ್ಲಿ, ನಾಮಧಾರಿಗಳ ಮನೆಗಳಲ್ಲಿ, ಕೊಂಕಣಿಗರಲ್ಲಿ, ಭಟ್ಕಳದ ನವಾಯತರಲ್ಲಿ ಅಡುಗೆಗಳು ಬೇರೆಬೇರೆ. ಆದರೆ ಒರಳಿನ ಮುಂದೆ ಕುಳಿತವರು ಎಲ್ಲೆಡೆಯೂ ಹೆಂಗಸರೇ.

ಈ ಒರಳಿಗೆ ಎದುರಾಗಿ ಬಂದದ್ದು ಕುಕ್ಕರು. ಅದರ ಮೂಲವೂ ಕುತೂಹಲಕರ. ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ೧೬೭೯ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಿಗಿಮುಚ್ಚಳದ ಪಾತ್ರೆಯೊಂದನ್ನು ತೋರಿಸಿದ. ಗಟ್ಟಿ ಮೂಳೆಗಳನ್ನು ಮೆತ್ತಗೆ ಬೇಯಿಸಿ ಅವುಗಳ ಸಾರವನ್ನು ತೆಗೆಯುವುದು ಅವನ ಉದ್ದೇಶ. ಪಾತ್ರೆ ಸಿಡಿಯದಂತೆ ಹಬೆಯನ್ನು ಬಿಡುವ ರಕ್ಷಕ ಕವಾಟವನ್ನೂ ಅವನೇ ಅಳವಡಿಸಿದ. ೧೬೮೨ರಲ್ಲಿ ಸೊಸೈಟಿಯ ಸದಸ್ಯರು ಆ ಪಾತ್ರೆಯಲ್ಲಿ ಬೇಯಿಸಿದ ಊಟವನ್ನು ಸವಿದುದನ್ನು ಜಾನ್ ಈವ್ಲಿನ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ತತ್ತ್ವ ಸರಳವಾದದ್ದು. ತೆರೆದ ಪಾತ್ರೆಯಲ್ಲಿ ನೀರು ೧೦೦ ಡಿಗ್ರಿಗೆ ಕುದಿದು ಹಬೆಯಾಗಿ ಹೋಗುತ್ತದೆ. ಹಬೆಯನ್ನು ಒಳಗೇ ತಡೆದು ಒತ್ತಡವನ್ನು ಹೆಚ್ಚಿಸಿದರೆ ಕುದಿಯುವ ಮಟ್ಟವೂ ಏರುತ್ತದೆ. ಇಂದಿನ ಮನೆಯ ಕುಕ್ಕರಿನಲ್ಲಿ ಅದು ಸುಮಾರು ೧೨೦ ಡಿಗ್ರಿ. ಗಂಟೆಯ ಬೇಗೆ ನಿಮಿಷಗಳಿಗೆ ಇಳಿಯುವುದು ಹೀಗೆ.

ನಮ್ಮ ದೇಶದಲ್ಲಿ ೧೯೧೦ರಲ್ಲಿ ಬಂಗಾಳದ ಡಾ. ಇಂದುಮಾಧವ ಮಲ್ಲಿಕರು ‘ಇಕ್ಮಿಕ್ ಕುಕ್ಕರ್’ ಎಂಬುದನ್ನು ರೂಪಿಸಿದರು. ಕೆಳಗೆ ಇದ್ದಿಲ ಕೆಂಡ, ಮೇಲೆ ಒಂದರ ಮೇಲೊಂದು ಪಾತ್ರೆ. ಹಬೆಯಲ್ಲಿ ನಿಧಾನವಾಗಿ ಬೇಯುವ ಏರ್ಪಾಡು. ಒತ್ತಡದ ಕುಕ್ಕರುಗಳ ತಯಾರಿಕೆ ಭಾರತದಲ್ಲಿ ಬೇರೂರಿದ್ದು ೧೯೫೯ರ ಸುಮಾರಿಗೆ. ಪಟ್ಟಣಗಳಿಂದ ಅದು ಹಳ್ಳಿಗಳಿಗೆ ಇಳಿಯಲು ಇನ್ನೂ ಎರಡು ದಶಕಗಳು ಬೇಕಾದವು.

ನಮ್ಮ ಮನೆಗೆ ಕುಕ್ಕರನ್ನು ತಂದವನು ನಾನೇ. ೧೯೮೪ರಲ್ಲಿ ಅಧ್ಯಾಪಕನಾಗಿ ದೊರೆತ ಮೊದಲ ಸಂಬಳದಲ್ಲಿ ಕೊಂಡು ತಂದೆ. ಚೌತಿಯ ಮುಂಚಿನ ದಿನಗಳು. ಹೊಸ ಯಂತ್ರದ ಮೇಲೆ ಆಯಿಗಿಂತ ನನಗೇ ಉತ್ಸಾಹ ಹೆಚ್ಚು. ಬೇಳೆ, ಬೆಲ್ಲ, ಕಾಯಿಹಾಲು ಎಲ್ಲವನ್ನೂ ಒಟ್ಟಿಗೆ ಹಾಕಿ ಮುಚ್ಚಿದರೆ ಹತ್ತು ನಿಮಿಷದಲ್ಲಿ ಪಾಯಸ ಸಿದ್ಧವೆಂದು ಸಾರಿದೆ. ಆಯಿ ಅನುಮಾನಿಸಿದಳು. ಓದಿದ ಮಗನ ಮಾತೆಂದು ಒಪ್ಪಿದಳು. ಬೆಳಗಿನ ಜಾವದಿಂದ ಅರೆದು ಹಿಂಡಿದ ಆರು ಕಾಯಿಗಳ ಹಾಲನ್ನು ಅದರೊಳಗೆ ಸುರಿದಳು. ಮುಚ್ಚಳ ತೆಗೆದಾಗ ಕಂಡದ್ದು ಒಡೆದ ಹಾಲಿನ ಬಿಳಿ ಚೂರುಗಳು ಮತ್ತು ಮೇಲೆ ತೇಲುವ ಎಣ್ಣೆ. ನೆಂಟರು ಎಲೆಯ ಮುಂದೆ ಕುಳಿತಾಗಿತ್ತು. ಆಯಿ ನನ್ನನ್ನು ಒಂದು ಮಾತೂ ಆಡಲಿಲ್ಲ. ಸೊಂಟಕ್ಕೆ ಸೆರಗು ಬಿಗಿದು ಮತ್ತೆರಡು ಕಾಯಿ ಒಡೆಯಲು ಎದ್ದಳು.

ಕಾರಣವನ್ನು ನಾನು ತಿಳಿದದ್ದು ಎಷ್ಟೋ ತಡವಾಗಿ. ಕಾಯಿಹಾಲೆಂದರೆ ನೀರಿನಲ್ಲಿ ಹರಡಿ ನಿಂತ ಕೊಬ್ಬಿನ ಕಣಗಳು. ಆ ಕಣಗಳು ಒಂದಕ್ಕೊಂದು ಕೂಡಿಕೊಳ್ಳದಂತೆ ತಡೆಯುವುದು ಕಾಯಿಯಲ್ಲಿನ ಸಸಾರಜನಕ. ಶಾಖ ೮೦ ಡಿಗ್ರಿಯನ್ನು ಮುಟ್ಟುವ ಹೊತ್ತಿಗೆ ಈ ಸಸಾರಜನಕ ಗರಣೆಗಟ್ಟುತ್ತದೆ, ಕೊಬ್ಬು ಬೇರ್ಪಡುತ್ತದೆ. ದಪ್ಪಹಾಲನ್ನು ಕಟ್ಟಕಡೆಗೆ ಹಾಕಿ ಕುದಿಸದೆ ಇಳಿಸುವ ಹಳೆಯ ಪದ್ಧತಿ ಬರಿಯ ಸಂಪ್ರದಾಯವಲ್ಲ, ಅದರೊಳಗೆ ಪರೀಕ್ಷಿತವಾದ ತಿಳಿವಳಿಕೆಯಿತ್ತು. ೧೨೦ ಡಿಗ್ರಿಯ ಪಾತ್ರೆಗೆ ಹಾಲನ್ನು ಸುರಿಸಿದ ನಾನು ಅದನ್ನು ಓದಿರಲಿಲ್ಲ.

ಕುಕ್ಕರಿನಿಂದ ಕಾಯಿಹಾಲು ಪಡೆಯುವ ಸರಿಯಾದ ಹಾದಿಯನ್ನು ಕೆಲವು ವರ್ಷಗಳ ಮೇಲೆ ಆಯಿಯೇ ನೆರೆಮನೆಯವರಿಂದ ಕಲಿತಳು. ಹಾಲನ್ನು ಬೇಯಿಸುವುದಲ್ಲ, ಕಾಯಿಯನ್ನು ಬೇಯಿಸುವುದು. ಒಡೆದ ಕಾಯಿಯ ಕಡಿಗಳನ್ನು ಗೆರಟೆಯ ಸಮೇತ, ತಳದಲ್ಲಿ ಸ್ವಲ್ಪ ನೀರಿಟ್ಟು, ಕುಕ್ಕರಿನಲ್ಲಿ ಒಂದೆರಡು ಸೀಟಿ ಕೂಗಿಸಬೇಕು. ತಣಿದ ಮೇಲೆ ತಿರುಳು ಗೆರಟೆಯಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ; ತುರಿಮಣೆಯ ಕೆಲಸವೇ ಇಲ್ಲ. ಕಂದು ಸಿಪ್ಪೆಯನ್ನು ಹೆರೆದು, ಚೂರು ಮಾಡಿ, ಅಷ್ಟರಲ್ಲಿ ಮನೆಗೆ ಬಂದಿದ್ದ ಮಿಕ್ಸಿಯಲ್ಲಿ ಬಿಸಿನೀರಿನೊಡನೆ ತಿರುಗಿಸಿ ಹಿಂಡಿದರೆ ಹಾಲು. ಗೋಡಂಬಿಯದು ಇನ್ನೂ ಸುಲಭ. ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಗೇರು ನಮ್ಮ ಗುಡ್ಡಗಳನ್ನು ತನ್ನದಾಗಿಸಿಕೊಂಡಿದೆಯಷ್ಟೆ. ಒಂದು ಲೋಟ ಗೋಡಂಬಿಗೆ ಎರಡು ಲೋಟ ನೀರು ಹಾಕಿ ಒಂದು ಸೀಟಿ ಕೂಗಿಸಿದರೆ, ಗಂಟೆಗಟ್ಟಲೆ ನೆನೆಸಬೇಕಾದದ್ದು ಕಾಲು ಗಂಟೆಯಲ್ಲಿ ಬೆಣ್ಣೆಯಂತಾಗುತ್ತದೆ. ಅರೆದು, ಬೇಕಾದಷ್ಟು ನೀರು ಬೆರೆಸಿದರಾಯಿತು, ಸೋಸುವುದೂ ಬೇಡ. ಇಂದು ಬೆಂಗಳೂರಿನ ಅಂಗಡಿಗಳಲ್ಲಿ ಪೆಟ್ಟಿಗೆಯೊಳಗೆ ಮಾರುವ ಬಾದಾಮಿ, ಗೋಡಂಬಿ ಹಾಲುಗಳನ್ನು ಕಂಡಾಗ ನನಗೆ ಆ ಮಾವಳ್ಳಿಯ ಕುಕ್ಕರು ನೆನಪಾಗುತ್ತದೆ.

ಹೊಸ ಹಾಲನ್ನು ಮೊದಲ ಸಲ ಬಾಯಿಗಿಟ್ಟು ಆಯಿ ಹೇಳಿದ ತೀರ್ಪು ನೆನಪಿದೆ: “ಕೈಗೆ ಸುಖ ತಮಾ, ಬಾಯಿಗೆ ಒಂಚೂರು ಕಡಿಮೆ.” ಅದು ನಿಜವೂ ಹೌದು. ಬೆಂದ ಕಾಯಿಯ ಹಾಲಿಗೆ ಹಸಿಯ ಸವಿಯಿಲ್ಲ. ಕೆನೆಯೂ ಬೇಗ ಮೇಲೆ ನಿಲ್ಲುತ್ತದೆ. ಚೌತಿಗೆ, ಅಷ್ಟಮಿಗೆ ಅವಳು ಒರಳಿಗೇ ಕೂರುತ್ತಿದ್ದಳು. ಉಳಿದ ದಿನಗಳನ್ನು ಕುಕ್ಕರಿಗೆ ಒಪ್ಪಿಸಿದಳು. ಆ ಹೊತ್ತಿಗೆ ಅವಳ ಬಲಗೈಯ ಮಣಿಕಟ್ಟು ತಿರುಗಿಸಿದರೆ ನೋಯುತ್ತಿತ್ತು. ಎಷ್ಟು ವರ್ಷದಿಂದ ನೋಯುತ್ತಿತ್ತು ಎಂದು ನಾವು ಯಾರೂ ಕೇಳಿರಲಿಲ್ಲ.

ಹಳೆಯದೆಲ್ಲ ಹೊನ್ನು ಎಂದು ಹಾಡುವ ಲೇಖನಗಳನ್ನು ನಾನೂ ಒಂದು ಕಾಲದಲ್ಲಿ ಬರೆದಿದ್ದೇನೆ. ಒರಳಿನ ರುಚಿ ಮಿಕ್ಸಿಗೆಲ್ಲಿ ಎಂದು ವಾದಿಸಿದ್ದೇನೆ. ಆ ರುಚಿಯ ಬೆಲೆಯನ್ನು ತೆತ್ತವರು ಬೇರೆಯವರೆಂಬುದನ್ನು ಮರೆತು ಬರೆದ ಮಾತುಗಳವು. ರುಚಿಯಲ್ಲಿ ಒಂಚೂರು ಕಡಿಮೆಯಾದದ್ದು ಸತ್ಯ. ಅದರ ಬದಲಿಗೆ ದೊರೆತದ್ದೇನು ಎಂಬುದನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು.

ನಮ್ಮ ಮನೆಯಲ್ಲಿ ಬಹುಕಾಲದಿಂದ ಒಂದು ರೇಡಿಯೋ ಇತ್ತು. ೧೯೫೦ರಲ್ಲಿ ಆರಂಭವಾದ ಧಾರವಾಡದ ಆಕಾಶವಾಣಿ ನಮಗೆ ಹೊರಲೋಕದ ಕಿಟಕಿ. ಅದು ಹೊರಗಿನ ಜಗುಲಿಯಲ್ಲಿ ಮಾತನಾಡುತ್ತಿತ್ತು. ಒರಳು ಹಿಂದಿನ ಜಗುಲಿಯಲ್ಲಿ. ಅಧ್ಯಾಪಕನಾದ ಮೇಲೆ ಸಂಜೆಯ ಹೊತ್ತು ನನ್ನ ಒಂದು ಭಾಷಣ ಪ್ರಸಾರವಾಯಿತು. ಹೇಗಿತ್ತೆಂದು ಕೇಳಿದಾಗ ಆಯಿ ಸಂಕೋಚದಿಂದ, “ಚಲೋ ಇತ್ತು ತಮಾ. ಅರ್ಧ ಕೇಳಿದೆ. ಇನ್ನರ್ಧ ಗುಂಡಿನ ಸದ್ದಿನಲ್ಲಿ ಹೋಯಿತು” ಎಂದಳು. ಕುಕ್ಕರು, ಮಿಕ್ಸಿಗಳು ಕೈಗೆ ಹೊಂದಿಕೊಂಡ ಮೇಲೆ ಮತ್ತೊಂದು ಭಾಷಣ ಬಂತು. ಅಂದು ಅವಳು ಹೊರಜಗುಲಿಗೆ ಬಂದು, ಕೈಯೊರಸಿಕೊಂಡು, ಗೋಡೆಗೆ ಒರಗಿ ಕುಳಿತು ಆರಂಭದಿಂದ ಕೊನೆಯವರೆಗೆ ಕೇಳಿದಳೆಂದು ತಂಗಿ ಪತ್ರ ಬರೆದಿದ್ದಳು. ಆ ಪತ್ರ ನನ್ನಲ್ಲಿ ಈಗಲೂ ಇದೆ.

ಆಯಿ ತೀರಿಕೊಂಡು ಹಲವು ವರ್ಷಗಳಾದವು. ಒರಳು ಹಿಂಬದಿಯ ಅಂಗಳದಲ್ಲಿ ಮಳೆನೀರು ತುಂಬಿಕೊಂಡು ಬಿದ್ದಿದೆ. ಕಾಗೆಗಳು ಬಂದು ಕುಡಿಯುತ್ತವೆ. ಅವಳು ಕೇಳಿದ ಪ್ರಶ್ನೆಗೆ ನನ್ನ ಬಳಿ ಈಗಲೂ ಪೂರ್ಣವಾದ ಉತ್ತರವಿಲ್ಲ. ಹೊನ್ನಾವರದ ಊಟವನ್ನು ಬಣ್ಣಿಸಿದ ಯಾತ್ರಿಕನಿಗೆ ಬಡಿಸಿದವರು ಕಂಡರು. ಒಳಗೆ ಅರೆದವರು ಕಾಣಲಿಲ್ಲ. ಷಟ್ಪದಿಯಲ್ಲಿ ಪಾಕವನ್ನು ಕಟ್ಟಿದ ಕವಿಯ ಕಿವಿಗೂ ಗುಂಡಿನ ಸದ್ದು ಬಿದ್ದಿರಲೇಬೇಕು. ಆ ಸುದ್ದಿಯನ್ನು ಬರೆಯುವ ಸರದಿ ನಮ್ಮದು. ಒರಳು ತಿರುಗಿಸಿದ ಕೈಗಳನ್ನು ನೋಡಿ ಬಲ್ಲವರು ನಮ್ಮ ತಲೆಮಾರಿನಲ್ಲಿ ಇನ್ನೂ ಕೆಲವರಿದ್ದೇವೆ. ನಿಮ್ಮ ಮನೆಯಲ್ಲಿ ಅಂಥ ಹಿರಿಯರು ಇದ್ದರೆ, ಇಂದು ಸಂಜೆ ಅವರ ಬಳಿ ಕುಳಿತು ಕೇಳಿ. ಅವರು ಹೇಳಿದ್ದನ್ನು ಬರೆದಿಡಿ.